ಶೆರೀಫ ಓಡಿಹೋದನೇ?

ಕುದುರೆಗಳು ಜಾಸ್ತಿ, ಮನುಷ್ಯರು ಕಡಿಮೆ ಇದ್ದ ಕಾಲವೊಂದಿತ್ತಂತೆ. ಆ ಕಾಲದ ಒಂದೂರಿನಲ್ಲಿ ಊರು ಕಾಯುವ ಅಧಿಕಾರಿ, ಒಬ್ಬ ಶೆರೀಫನಿದ್ದನಂತೆ. ದರೋಡೆಕೋರರು ಬರುತ್ತಾರೆಂದು ಊರೆಲ್ಲ ಬಾಗಿಲು ಹಾಕಿಕೊಂಡ ಮಧ್ಯಾಹ್ನ ಅವನು ಕುದುರೆ ಹತ್ತಿ ಹೊರಟೇಬಿಟ್ಟನಂತೆ. ಯಾಕೆ?

ಅಜ್ಜಿ ಹೇಳಿದ ಕತೆಗಳಲ್ಲಿ ಕೊನೆಯಿಲ್ಲದ್ದು ಇದೊಂದೇ. ಅಸಲಿಗೆ ಇದು ಕತೆಯೂ ಅಲ್ಲ, ಕಪ್ಪು ಬಿಳುಪಿನ ಒಂದು ಕೌಬಾಯ್ ಸಿನಿಮಾ. ಮಡಿಲ ಕೂಸು ಅತ್ತು ರಂಪ ಮಾಡಿದ್ದಕ್ಕೆ ಅಜ್ಜಿ ಅರ್ಧಕ್ಕೇ ಎದ್ದು ಬಂದಿದ್ದರು. ಪೂರ್ತಿ ನೋಡಿ ಬಂದ ತಾತ “ಹೇಡಿ, ಓಡಿಹೋದ” ಎಂದು ಎರಡೇ ಮಾತಿನಲ್ಲಿ ಕೈ ತೊಳೆದುಕೊಂಡಿದ್ದರು. ಐವತ್ತು ವರ್ಷ ಅಜ್ಜಿ ಆ ಎರಡು ಮಾತನ್ನೇ ಅಗಿದಿದ್ದಾರೆ. ಈಗ ಅವರಿಗೆ ಕಣ್ಣು ಕಾಣುವುದಿಲ್ಲ.

ಮೊಮ್ಮಗಳ ಕೆಲಸವೋ, ಕಣ್ಣು ಕಾಣದವರಿಗೆ ಸಿನಿಮಾ ಹೇಳುವುದು. ಪಾತ್ರಗಳ ಮಾತಿನ ನಡುವೆ ಸಿಗುವ ಮೂರು ನಾಲ್ಕು ಸೆಕೆಂಡಿನ ಸಂದಿಯಲ್ಲಿ ತೆರೆಯ ಮೇಲೆ ಕಾಣುವುದನ್ನು ಬರೆದು ಓದಬೇಕು. ಅದೇ ಸಿನಿಮಾ ಸ್ಟುಡಿಯೋಗೆ ಬಂದ ದಿನ ಅವಳು ಅಜ್ಜಿಗೆ ಮಾತು ಕೊಟ್ಟಳು: “ಕೊನೆತನಕ ತೋರಿಸ್ತೀನಿ. ಇದ್ದದ್ದು ಇದ್ದ ಹಾಗೆ.”

ಬರೆದದ್ದನ್ನು ಓದಿದ ಸ್ಟುಡಿಯೋ ಯಜಮಾನರು ಕನ್ನಡಕ ಹಣೆಗೇರಿಸಿದರು.

“‘ಶೆರೀಫ ಎದೆಯ ಮೇಲಿನ ಬಿಲ್ಲೆ ಕಳಚಿ ಮೇಜಿನ ಮೇಲಿಡುತ್ತಾನೆ. ಪಿಸ್ತೂಲಿನ ಆರೂ ಗುಂಡು ತೆಗೆದು ಸಾಲಾಗಿ ನಿಲ್ಲಿಸುತ್ತಾನೆ. ಹೊರಗೆ ಹೋಗುತ್ತಾನೆ.’ ಏನಮ್ಮ ಇದು, ಸಾಮಾನಿನ ಪಟ್ಟಿನಾ? ‘ಹೆದರಿ ಓಡುತ್ತಾನೆ’ ಅಂತ ಬರಿ.”

“ಹೆದರಿದ್ದು ಎಲ್ಲಿ ಕಾಣುತ್ತೆ ಸಾರ್? ಕೈ ನಡುಗಲ್ಲ. ಓಡೋದೂ ಇಲ್ಲ, ನಡೀತಾನೆ.”

“ಹಣೆ ಮೇಲೆ ಬೆವರಿದೆಯಲ್ಲ.”

“ಸುಡುಬಿಸಿಲು ಸಾರ್. ಕುದುರೆನೂ ಬೆವರ್ತಾ ಇದೆ. ಅದೂ ಹೇಡಿನಾ?”

ಗಾಜಿನಾಚೆ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತಿದ್ದ ಸೌಂಡ್ ಅಣ್ಣ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ.

ಯಜಮಾನರು ನಗಲಿಲ್ಲ. ಹಾಳೆ ಹಿಂದಕ್ಕೆ ತಿರುವಿದರು. “ಇಲ್ಲಿ ನೀನೇ ಬರೆದಿದ್ದೀಯ, ‘ಅಂಗಡಿಯವಳು ಅವನನ್ನು ಪ್ರೀತಿಯಿಂದ ನೋಡುತ್ತಾಳೆ.’ ಪ್ರೀತಿ ಯಾವ ಮೂಲೆಯಲ್ಲಿ ಕಂಡಿತು ತಾಯಿ?”

ಅವಳ ಕಿವಿ ಬಿಸಿಯಾಯಿತು. ರಾಜಕುಮಾರಿಯ ಮನಸ್ಸು ಗಿಳಿಗೂ ಗೊತ್ತಿರುವಂಥ ಕತೆ ಕೇಳಿ ಬೆಳೆದವಳು. ಕೈ ತಾನಾಗಿಯೇ ಬರೆದುಬಿಟ್ಟಿತ್ತು. ಇಡೀ ಸಿನಿಮಾದಲ್ಲಿ ಅವಳಿಗೆ ಅತಿ ಇಷ್ಟವಾದ ಸಾಲು ಅದೇ. ಪೆನ್ನು ತೆಗೆದು ಹೊಡೆದುಹಾಕಿದಳು. ‘ಅಂಗಡಿಯವಳು ನೋಡುತ್ತಾಳೆ. ಕಣ್ಣು ಮಿಟುಕಿಸುವುದಿಲ್ಲ’ ಎಂದು ಬರೆದಳು.

“ನನ್ನದು ಹೋಯಿತು ಸಾರ್. ಈಗ ನಿಮ್ಮದೂ ಬೇಡ.”

“ಕುರುಡರಿಗೆ ಅರ್ಥ ಆಗಬೇಕಲ್ಲಮ್ಮ.”

“ಕಣ್ಣಿನ ಜೊತೆ ಬುದ್ಧಿನೂ ಹೋಗಿರುತ್ತಾ?”

“ನೀನು ಬರೀದಿದ್ರೆ ಬರೆಯೋರು ಬೇರೆ ಇದ್ದಾರೆ.”

“ಇರಲಿ. ಆದ್ರೆ ಕೇಳಿಸಿ ನೋಡದೆ ನನ್ನ ಹಾಳೆ ಹರೀಬೇಡಿ.”

ರೆಕಾರ್ಡಿಂಗಿಗೆ ಮುಂಚೆ ಕಣ್ಣು ಕಾಣದವರೊಬ್ಬರನ್ನು ಕೂರಿಸಿ ಓದಿ ನೋಡುವುದು ಆ ಸ್ಟುಡಿಯೋದ ಪದ್ಧತಿ. ಈ ಸಲ ಕೂತವರು ಅಜ್ಜಿ. ಸಿನಿಮಾ ಓಡಿತು, ಮೊಮ್ಮಗಳು ಸಂದಿ ಸಂದಿಯಲ್ಲಿ ಓದಿದಳು. ಶೆರೀಫನ ಕುದುರೆಯ ಗೊರಸಿನ ಸದ್ದು ದೂರವಾಗುತ್ತಿದ್ದಂತೆ ಯಜಮಾನರು ಚಿತ್ರ ನಿಲ್ಲಿಸಿದರು.

“ಅಜ್ಜಿ, ಇವನು ಯಾಕೆ ಹೋದ?”

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಯೋಚಿಸಿದರು. “ನನಗೇನೋ ಹೇಡಿ ಅಂತಲೇ ಅನ್ನಿಸ್ತಪ್ಪ.”

ಯಜಮಾನರು ಗೆದ್ದ ಹುಂಜದಂತೆ ಕತ್ತೆತ್ತಿದರು. “ಕೇಳಿಸಿತಾ? ಬರಿ ಈಗ.”

ಮೊಮ್ಮಗಳು ಅಜ್ಜಿಯ ಕಡೆ ತಿರುಗಿದಳು. ಐವತ್ತು ವರ್ಷದ ಮೇಲೂ ತಾತನ ಮಾತೇ ಗೆದ್ದಿತೇ? ಒಂದು ಕ್ಷಣ ಅಷ್ಟೇ. ಹಾಳೆಯನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು.

“ಬರೆಯಲ್ಲ. ನಾನು ಹೇಳದೆಯೇ ಅಜ್ಜಿಗೆ ಅನ್ನಿಸಿತಲ್ಲ ಸಾರ್. ಮತ್ತೆ ಯಾಕೆ ಬರೀಬೇಕು?”

“ಬರೆದಿದ್ದರೆ ನಾನು ಅಲ್ಲ ಅಂತಿದ್ದೆ,” ಅಂದರು ಅಜ್ಜಿ. “ಇವಳ ತಾತ ಹೇಳಿದಾಗಿನಿಂದ ಅಲ್ಲ ಅಂತಲೇ ಇದ್ದೆ. ಹೇಡಿಯೋ ಅಲ್ಲವೋ, ಈಗ ಅದು ನನ್ನ ಮಾತು. ಅದನ್ನ ನನ್ನ ಬಾಯಿಂದ ಕಿತ್ಕೋಬೇಡಿ ಸ್ವಾಮಿ.”

“ನನಗೆ ಹೇಡಿ ಅನ್ನಿಸಲ್ಲ ಅಜ್ಜಿ,” ಎಂದ ಸೌಂಡ್ ಅಣ್ಣ ಗಾಜಿನಾಚೆಯಿಂದ. “ಬದುಕೋ ಆಸೆ ಇದ್ದೋನು ಒಂದಾದರೂ ಗುಂಡು ಜೇಬಿಗಿಳಿಸ್ತಿದ್ದ.”

“ನೀನು ಮದುವೆಯಾಗಿಲ್ಲ, ನಿನಗೇನು ಗೊತ್ತು ಗಂಡಸರ ಭಯ,” ಅಂದರು ಅಜ್ಜಿ.

ಜಗಳ ಹೊತ್ತಿಕೊಂಡಿತು. ಯಜಮಾನರು ಆ ಕಡೆ ಈ ಕಡೆ ನೋಡಿ, ಕನ್ನಡಕ ಮೂಗಿಗಿಳಿಸಿಕೊಂಡು, “ಹಾಳಾಗಿ ಹೋಗಲಿ, ಇದ್ದ ಹಾಗೇ ಓದು. ಬೈಗುಳ ಬಂದ್ರೆ ನಿನ್ನ ತಲೆ ಮೇಲೆ,” ಎಂದು ಕುರ್ಚಿ ಎಳೆದುಕೊಂಡು ಕೂತರು.

“ಬರಲಿ ಸಾರ್.”

ಕೆಂಪು ದೀಪ ಹತ್ತಿತು. ಮೊದಲಿನಿಂದ ಒಂದೇ ಉಸಿರಿನಲ್ಲಿ ಎಂಬಂತೆ ಅವಳು ಓದುತ್ತಾ ಹೋದಳು. ಕೊನೆಯ ಹಾಳೆ ಬಂತು.

“ಬೀದಿ ಖಾಲಿ. ದೂರದಲ್ಲಿ ಧೂಳೇಳುತ್ತದೆ. ಬರುವವರು ಯಾರೆಂದು ಕಾಣುವುದಿಲ್ಲ. ತೆರೆ ಕಪ್ಪಾಗುತ್ತದೆ.”

ಸೌಂಡ್ ಅಣ್ಣ ಗುಂಡಿ ಒತ್ತಿದ. ಕೆಂಪು ದೀಪ ಆರಿತು.

“ಮುಗೀತು ಅಜ್ಜಿ. ಕೊನೆ ಇಷ್ಟೇ,” ಅಂದಳು ಮೊಮ್ಮಗಳು.