ಜರಾ ಐತಿ, ಅಷ್ಟ

ಕಾಂತಾಳಿಗೆ ತನ್ನದೂ ಒಂದು ಧ್ವನಿ ಇದೆ ಎಂಬುದು ಬೆಳಗಾವಿಯ ಶಹಾಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆ ಬಾಯಿ ತೆರೆದರೆ ಬೇರೆ ಯಾರೋ ಮಾತಾಡುತ್ತಿದ್ದರು. ಸೀರೆ ಅಂಗಡಿಗೆ ಗಿರಾಕಿ ಬಂದರೆ ಅಣ್ಣ ಜಿನಪ್ಪನ ಧಾಟಿಯಲ್ಲಿ, 'ಬರ್ರಿ ಅಕ್ಕಾರ, ಕುಂದರ್ರಿ, ನೋಡಾಕೇನ್ ರೊಕ್ಕಾ ಬೀಳೂದಿಲ್ಲ' ಎನ್ನುವಳು. ಓಣಿಯಲ್ಲಿ ಸಾವಾದರೆ, ತೀರಿಹೋದ ಅವ್ವನ ಹಾಗೆ ಸೆರಗಿನ ತುದಿಯನ್ನು ಮೂಗಿಗೆ ಒತ್ತಿ ತಲೆಯಾಡಿಸುವಳು. ನಗಬೇಕಾದಾಗ ಸಾಲಿಯಲ್ಲಿ ಪಾಠ ಹೇಳಿದ ಅಕ್ಕೋರು ನಗುತ್ತಿದ್ದಂತೆ ಒಂದೇ ಬದಿಗೆ ತುಟಿ ಎಳೆಯುವಳು. ಬೇರೆಯವರು ಕಪಾಟಿನಲ್ಲಿ ಸೀರೆ ಮಡಚಿಟ್ಟರೆ, ಈಕೆ ತನ್ನೊಳಗೆ ಮಂದಿಯನ್ನೇ ಮಡಚಿಟ್ಟಿದ್ದಳು. ಯಾವ ಹೊತ್ತಿಗೆ ಯಾರನ್ನು ಉಡಬೇಕು ಎಂಬುದು ಆಕೆಗೆ ಪಾಠವಾಗಿತ್ತು.

ಉಟ್ಟದ್ದನ್ನು ಬಿಚ್ಚಿದ ಮೇಲಿನ ಅವಸ್ಥೆಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಒಂದು ಮದುವೆ, ಕೂಸಿಗೆ ಹೆಸರಿಡುವ ಒಂದು ಬಾರಸಿ ಮುಗಿಸಿಕೊಂಡು ಬಂದರೆ ಆಕೆ ಮಹಡಿಯ ಕೋಣೆ ಸೇರಿ, ಪಕ್ಕದವರ ವಿದ್ಯುತ್ ಮಗ್ಗ ನಡೆಯುತ್ತಿದ್ದ ಗೋಡೆಗೆ ಬೆನ್ನು ಹಚ್ಚಿ, ಮರುದಿನದವರೆಗೂ ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೂಡುತ್ತಿದ್ದಳು. ನಾಲಿಗೆ ಕಲ್ಲಾಗುತ್ತಿತ್ತು. ಬಳೆಯ ಸಪ್ಪಳ ಕೂಡ ಮೈಮೇಲೆ ಬಿದ್ದಂತೆ ಆಗುತ್ತಿತ್ತು. ಮಗ್ಗದ್ದೇನೂ ಕಡಿಮೆ ಗದ್ದಲವಲ್ಲ. ಆದರೆ ಅದು ಒಂದೇ ಮಾತನ್ನು ಆಡುತ್ತಿತ್ತು, ತಿರುಗಿ ಉತ್ತರ ಕೇಳುತ್ತಿರಲಿಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ ಜಿನಪ್ಪನ ಹೆಂಡತಿ, ವೈನಿ ರಾಜಮತಿಯ ತಂಗಿಯ ಮದುವೆಯಾಯಿತು. ಬ್ಯಾಂಡಿನವರು ಮಂಟಪದೊಳಗೇ ನುಗ್ಗಿ ಊದತೊಡಗಿದಾಗ ಕಾಂತಾ ಎರಡೂ ಕಿವಿ ಮುಚ್ಚಿಕೊಂಡು ಉಗ್ರಾಣಕ್ಕೆ ಓಡಿ, ಸಕ್ಕರೆ ಚೀಲಗಳ ಹಿಂದೆ ಕುಳಿತುಬಿಟ್ಟಳು. ಯಾರು ಕರೆದರೂ ಏಳಲಿಲ್ಲ. ತವರಿನವರ ಮುಂದೆ ತನ್ನ ಮಾನ ಹೋಯಿತೆಂದು ರಾಜಮತಿ ವಾರವಿಡೀ ಗಂಡನಿಗೆ ತಣ್ಣನೆಯ ಚಹಾ ಕೊಟ್ಟಳು. ಕೊನೆಗೆ ಜಿನಪ್ಪ ತಂಗಿಯನ್ನು ನೆಹರು ನಗರದ ಕಡೆ ಹೊಸದಾಗಿ ದವಾಖಾನೆ ತೆರೆದಿದ್ದ, ಮುಂಬಯಿಯಲ್ಲಿ ಓದಿಬಂದ ಒಬ್ಬ ಹುಡುಗ ಡಾಕ್ಟರರ ಹತ್ತಿರ ಕರೆದೊಯ್ದ.

ಡಾಕ್ಟರು ಜಿನಪ್ಪನನ್ನು ಕೇಳಿದರು. ಚಿಕ್ಕಂದಿನಲ್ಲಿ ಹೇಗಿದ್ದಳು, ಯಾವಾಗ ಮಾತು ಬಂತು, ಮಂದಿಯಲ್ಲಿ ಬೆರೆಯುತ್ತಾಳೋ ಇಲ್ಲವೋ, ಎಲ್ಲವನ್ನೂ ಜಿನಪ್ಪನನ್ನೇ ಕೇಳಿದರು. ಕಾಂತಾ ಆ ಹೊತ್ತು ಅಕ್ಕೋರನ್ನು ಉಟ್ಟುಕೊಂಡು ಕುಳಿತಿದ್ದಳು: ಬೆನ್ನು ನೆಟ್ಟಗೆ, ನೋಟ ಡಾಕ್ಟರರ ಎರಡು ಹುಬ್ಬುಗಳ ನಡುವೆ, ತುಟಿ ಒಂದು ಬದಿಗೆ. ಮೇಜಿನ ಕೆಳಗೆ ಕಾಲ್ಬೆರಳು ಚಪ್ಪಲಿಯನ್ನು ಹಿಂಡುತ್ತಿತ್ತು. 'ನಿನಗೇನು ಅನಸ್ತದವಾ' ಎಂದು ಕೇಳಿಯಾರು ಎಂದು ಉತ್ತರ ಹೊಂದಿಸಿಕೊಂಡು ಕಾದಳು. ಡಾಕ್ಟರು ಕೇಳಲಿಲ್ಲ. ಇದಕ್ಕೆ ಆಟಿಸಂ ಅಂತಾರೆ ಎಂದರು.

ಜಿನಪ್ಪನಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ಹೌದ್ರಿ, ಬರೀ ಆಟಾನ ಆಡ್ತಾಳ್ರಿ ಎಂದ. ಡಾಕ್ಟರು ನಕ್ಕು ಸಮಾಧಾನ ಹೇಳಿದರು.

"ಮೈಲ್ಡ್ ಅದ. ಅಂದ್ರ ಜರಾ ಐತಿ, ಅಷ್ಟ. ಗಾಬರಿ ಆಗೂದೇನಿಲ್ಲ."

ಅವತ್ತಿನಿಂದ ಆ 'ಜರಾ' ಮನೆಯಲ್ಲಿ ಕಾಂತಾಳನ್ನು ಕುಟ್ಟುವ ಒನಕೆಯಾಯಿತು. ಗದ್ದಲಕ್ಕೆ ಕಿವಿ ಮುಚ್ಚಿದರೆ ಜರಾ ಇರೂದಕ್ಕ ಇಷ್ಟ್ಯಾಕ. ಹೊಸ ಸೀರೆಯ ಗಂಜಿ ಮೈ ತುರಿಸಿದರೆ ಜರಾ ತಡಕೋ. ತೂಗುತ್ತ ಕುಳಿತರೆ ಡಾಕ್ಟರ್ ಜರಾ ಅಂದಾರ, ನೀ ಯಾಕ ಭಾಳ ಮಾಡ್ತಿ. ಕಾಂತಾ ಚೆನ್ನಾಗಿ ನಟಿಸಿದ್ದಕ್ಕೇ ಅದು ಜರಾ ಆದದ್ದು. ಜರಾ ಆದದ್ದಕ್ಕೆ ಇನ್ನಷ್ಟು ನಟಿಸಬೇಕಾಯಿತು. ಈ ಗಾಣಕ್ಕೆ ಕೊನೆ ಕಾಣಲಿಲ್ಲ.

ದೀಪಾವಳಿ ಮುಗಿಯುತ್ತಲೇ ಖಾನಾಪುರದ ಸಂಬಂಧ ಬಂತು. ಹಂಚಿನ ಕಾರ್ಖಾನೆ ಇದ್ದವರು. ಹುಡುಗ ಪಾರೀಸ ಬಡಪಾಯಿ, ತಾಯಿ ಭೀಮಕ್ಕನದೇ ಯಜಮಾನಿಕೆ. ತುಂಬಿದ ಮನೆ, ದಿನಾ ಪಂಕ್ತಿ, ಮರಾಠಿ ಕನ್ನಡ ಎರಡರಲ್ಲೂ ಏಕಕಾಲಕ್ಕೆ ಮಾತಾಡುವ ಮಂದಿ. ಕಾಂತಾಳಿಗೆ ಕಂಡದ್ದು ಒಂದೇ: ಬಿಚ್ಚಿಡಲು ಅಲ್ಲಿ ಕೋಣೆಯೇ ಇಲ್ಲ. ಸಾಯುವವರೆಗೂ ಉಟ್ಟುಕೊಂಡೇ ಇರಬೇಕು.

ಒಂದು ಮುಂಜಾನೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಅಣ್ಣನ ಮುಂದೆ ನಿಂತು, ಯಾರನ್ನೂ ಉಡದೆ, ತನ್ನದೇ ಒಡಕು ಧ್ವನಿಯಲ್ಲಿ ಹೇಳಿದಳು.

"ಅಣ್ಣಾ, ನಾ ಒಲ್ಲೆ. ಜರಾ ಅಲ್ಲ ಅದು. ನನಗ ಭಾಳ ಐತಿ."

ಜಿನಪ್ಪ ಬೀಗದ ಕೈಯನ್ನು ಕಿಸೆಗೆ ಹಾಕಿಕೊಳ್ಳುತ್ತ, ಎಷ್ಟ ಐತಿ ಅಂತ ನಿನಗ ಹ್ಯಾಂಗ ತಿಳೀತದ ಹುಚ್ಚಿ, ಅಳತಿ ಮಾಡವ್ರು ಡಾಕ್ಟರು ಎಂದ. ಒಳಗಿನಿಂದ ರಾಜಮತಿಯ ನಗು ಕೇಳಿಸಿತು. ಆ ನಗುವನ್ನೂ ಕಾಂತಾ ಮಡಚಿ ಒಳಗಿಟ್ಟುಕೊಂಡಳು.

ಕನ್ಯಾ ನೋಡುವ ಶಾಸ್ತ್ರ ಖಾನಾಪುರದಲ್ಲೇ ಎಂದಾಯಿತು, ಏಕೆಂದರೆ ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದಳು. ರಾಜಮತಿ ತರಬೇತಿಗೆ ಇಳಿದಳು. ನಾದಿನಿಗೆ ಹೇಳಿ ಕಲಿಸಿದರೆ ಬರುವುದಿಲ್ಲ, ಮಾಡಿ ತೋರಿಸಿದರೆ ಬರುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಹಾಗಾಗಿ ದಿನಾ ಮಧ್ಯಾಹ್ನ ಅಡಿಗೆಮನೆಯಲ್ಲಿ ತಾನೇ ಭೀಮಕ್ಕನಾಗಿ ಪ್ರಶ್ನೆ ಕೇಳುವಳು, ತಾನೇ ಕಾಂತಾ ಆಗಿ ಉತ್ತರ ಹೇಳುವಳು, ನಡುನಡುವೆ ರಾಜಮತಿಯಾಗಿ ಒಗ್ಗರಣೆ ಹಾಕುವಳು. ಕಾಂತಾ ತೂಗಿದರೆ ತೋಳಿನ ಒಳಬದಿಗೆ ಚಿವುಟುವಳು. ಹೊರಗೆ ಕಾಣದ ಜಾಗ ಅದು. ಚಿವುಟುವಾಗಲೂ, ಜರಾ ತಡಕೋ ಎನ್ನುವಳು.

ತೋಳಿನ ನೀಲಿ ಕಲೆಗಳನ್ನು ಕುಪ್ಪಸ ಮುಚ್ಚಿತು. ಕಾಂತಾ ಪಾಠವನ್ನು ಪೂರ್ತಿ ಕಲಿತಳು. ಪೂರ್ತಿ ಎಂದರೆ ಪೂರ್ತಿ. ಒಗ್ಗರಣೆಯಲ್ಲಿ ಒಂದು ಸಾಸಿವೆಯನ್ನೂ ಚೆಲ್ಲಲಿಲ್ಲ.

ರೈಲಿನಿಂದ ಇಳಿದು ಭೀಮಕ್ಕನ ಮನೆ ತಲುಪಿದಾಗ ಪಡಸಾಲೆ ತುಂಬ ಜಮಖಾನೆ ಹಾಸಿತ್ತು. ಒಂದು ಬದಿಗೆ ಬೀಗರಾಗುವವರು, ಇನ್ನೊಂದು ಬದಿಗೆ ಅವರ ಬಳಗ. ಕಾಂತಾಳನ್ನು ಮಣೆಯ ಮೇಲೆ ಕೂಡಿಸಿದರು. ಅವಲಕ್ಕಿ, ಚಹಾ ಆಯಿತು. ಹಾಸಿಗೆಯ ಮೇಲಿನ ಅಜ್ಜಿ ಹುಡುಗಿ ಲಕ್ಷಣಾಗಿ ಅದಾಳ ಎಂದಳು. ಪಾರೀಸ ತನ್ನ ಕಾಲ ಹೆಬ್ಬೆರಳನ್ನು ನೋಡುತ್ತ ಕುಳಿತಿದ್ದ. ಭೀಮಕ್ಕ ಗಂಟಲು ಸರಿಮಾಡಿಕೊಂಡು, ಅಡಿಗೆ ಏನೇನು ಬರ್ತದವಾ ಎಂದು ಕೇಳಿದಳು.

ಕಾಂತಾ ಕಣ್ಣು ಮುಚ್ಚಿದಳು. ಮೆಲ್ಲಗೆ ತೂಗತೊಡಗಿದಳು. ರಾಜಮತಿಯ ಕೈ ಚಿವುಟಲು ಮುಂದೆ ಬಂದು, ಅಷ್ಟು ಮಂದಿಯ ಎದುರು ಅರ್ಧಕ್ಕೇ ನಿಂತಿತು. ಮಾತು ಶುರುಮಾಡುವ ಮೊದಲು ರಾಜಮತಿಗೆ ನಾಲಿಗೆ ಲೊಚಗುಟ್ಟುವ ಅಭ್ಯಾಸ. ಶಹಾಪುರದ ಬಸದಿಗೆ ಬರುವ ಹೆಂಗಸರೆಲ್ಲರಿಗೂ ಅದು ಪರಿಚಯ, ಇಷ್ಟು ಹೊತ್ತಿಗೆ ಈ ಪಡಸಾಲೆಗೂ. ಮಣೆಯ ಮೇಲಿನಿಂದ ಅದೇ ಲೊಚಗುಡುವಿಕೆ ಕೇಳಿಸಿತು, ಅದರ ಹಿಂದೆಯೇ ಅದೇ ಮೂಗಿನ ಧ್ವನಿ.

"ಚ್ಚ್. ಎಲ್ಲಾ ಬರ್ತದ್ರಿ ಅಂತ ಹೇಳು. ಅವರಿಗೇನ್ ರುಚಿ ತಿಳೀತದ? ಮಂದಿ ಮುಂದ ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ಲ ಅನ್ಕೊಂತ, ಬಾಗಲಾ ಹಾಕ್ಕೊಂಡು ಉಳ್ಳಾಗಡ್ಡಿ ಭಜಿ ತಿನ್ನೂ ಮಂದಿ."

ಪಡಸಾಲೆಯಲ್ಲಿ ಒಬ್ಬರ ಚಹಾದ ಬಸಿ ಜಮಖಾನೆಯ ಮೇಲೆ ಬಿತ್ತು. ನೆಲದೊಳಗಿನ ಗಡ್ಡೆ ಮುಟ್ಟದ, ನೇಮ ನಿಷ್ಠೆಗೆ ಹೆಸರಾದ ಜೈನ ಮನೆ ಅದು. ಉಳ್ಳಾಗಡ್ಡಿಯ ಹೆಸರು ಆ ಸೂರಿನ ಕೆಳಗೆ ಬಹುಶಃ ಮೊದಲ ಸಲ ಕೇಳಿಬಂದಿತ್ತು. ಪಾರೀಸ ಮಾತ್ರ ಹೆಬ್ಬೆರಳಿನಿಂದ ತಲೆಯೆತ್ತಿ ಗಾಬರಿಯಿಂದ ಅಡಿಗೆಮನೆಯ ಕಡೆ ನೋಡಿದ. ರಾಜಮತಿಯ ಮುಖ ಸುಣ್ಣವಾಗಿತ್ತು.

"ಅಯ್ಯ, ಆಕಿಗೆ ತಿಳಿಯೂದಿಲ್ರಿ, ಏನರ ಒದರ್ತಾಳ" ಎಂದಳು.

ಅದೂ ಮಣೆಯ ಮೇಲಿನಿಂದ ಅದೇ ಗಳಿಗೆಯಲ್ಲಿ ತಿರುಗಿ ಬಂತು. ಈಗ ಪಡಸಾಲೆಯಲ್ಲಿ ಇಬ್ಬರು ರಾಜಮತಿಯರಿದ್ದರು, ಒಬ್ಬಳಿಗೆ ಮಾತ್ರ ಧೈರ್ಯವಿತ್ತು. ಆ ಧೈರ್ಯವಂತೆ ಮುಂದುವರಿದಳು.

"ಚ್ಚ್. ಡಾಕ್ಟರ್ ಹೆಸರು ಹೇಳಿದಿ ಅಂದ್ರ ತೊಗಲು ಸುಲೀತೀನಿ. ಒಮ್ಮೆ ತಾಳಿ ಬೀಳ್ಳಿ. ಆಮ್ಯಾಲ ಎಷ್ಟ ಐತಿ ಅಂತ ಆ ಭೀಮಿನ ಅಳತಿ ಮಾಡ್ಕೊಳ್ಳಲಿ."

ಭೀಮಕ್ಕ ಎದ್ದು ನಿಂತಳು. ಮೈ ದೊಡ್ಡದು, ಮಾತು ಸಣ್ಣದು. ಜಿನಪ್ಪಣ್ಣಾರ, ರೈಲು ತಪ್ಪೀತು ನೋಡ್ರಿ ಎಂದಷ್ಟೇ ಹೇಳಿದಳು. ಒಳಗೆ ಹೋಗುವಾಗ ಕಾಂತಾಳ ಮುಂದೆ ಅರೆಗಳಿಗೆ ನಿಂತು ಆಕೆಯ ತೋಳಿನ ಕುಪ್ಪಸ ಜರುಗಿದ್ದ ಜಾಗವನ್ನು ನೋಡಿದಳು. ಆಮೇಲೆ ರಾಜಮತಿಯ ಉಗುರುಗಳನ್ನು ನೋಡಿದಳು.

ಬೆಳಗಾವಿಗೆ ಮರಳುವ ದಾರಿಯುದ್ದಕ್ಕೂ ಗಂಡಹೆಂಡಿರು ಜಗಳಾಡಿದರು. ಪಾಪ, ಆಕೆಗೆ ಗೊತ್ತಾಗದೆ ಬಾಯಿಗೆ ಬಂದುಬಿಟ್ಟಿತು, ನೀ ಯಾಕೆ ಆಕೆಯ ಮುಂದೆ ಅಂಥ ಮಾತು ಆಡಿದೆ ಎಂದು ಜಿನಪ್ಪ. ಇದು ಜರಾ ಅಲ್ಲವೇ ಅಲ್ಲ, ಪೂರಾ ಐತಿ ಎಂದು ರಾಜಮತಿ. ಕಿಟಕಿಯ ಪಕ್ಕ ಕಾಂತಾ ಗಾಡಿಯ ತಾಳಕ್ಕೆ ತೂಗುತ್ತ ಕುಳಿತಿದ್ದಳು. ಗೊತ್ತಾಗದೆ ಬಂದದ್ದು ಒಂದು ಅಕ್ಷರವೂ ಇರಲಿಲ್ಲ. ಅದನ್ನು ಹೇಳಲು ಆಕೆಗೇನು ಹುಚ್ಚೇ?

ಮರುವಾರ ಮತ್ತೆ ಅದೇ ಡಾಕ್ಟರು. ಜಿನಪ್ಪ ಖಾನಾಪುರದ ಪುರಾಣವನ್ನೆಲ್ಲ ಹೇಳಿ, ಒಮ್ಮೆಲೇ ಭಾಳ ಆಗೇತ್ರಿ ಎಂದು ಕಣ್ಣೊರೆಸಿಕೊಂಡ. ಡಾಕ್ಟರು ಕಾಂತಾಳನ್ನು ನೋಡಿದರು. ಇವತ್ತು ಆಕೆ ಯಾರನ್ನೂ ಉಟ್ಟಿರಲಿಲ್ಲ. ನೋಟ ಗೋಡೆಯ ಮೇಲಿನ ಪಂಖಾದ ನೆರಳಿನ ಮೇಲಿತ್ತು, ಮೈ ತೂಗುತ್ತಿತ್ತು. ಪೆನ್ನು ಎತ್ತಿಕೊಂಡ ಡಾಕ್ಟರು, ಏನೆನ್ನಿಸಿತೋ ಏನೋ, ಅದನ್ನು ಕೆಳಗಿಟ್ಟು ಮೊದಲ ಸಲ ಆಕೆಯ ಕಡೆಗೇ ತಿರುಗಿದರು.

"ನಿನಗ ಎಷ್ಟ ಅದ ಅನಸ್ತದವಾ?"

ಉತ್ತರ ಬೇಸಿಗೆಯಿಂದ ಹೊಂದಿಸಿಟ್ಟಿದ್ದೇ. ಖಾನಾಪುರದ ನಂತರ ಅದಕ್ಕೆ ಕೊನೆಯ ಸಾಲೊಂದು ಸೇರಿತ್ತು.

"ಹಿಂದ ನಿಮ್ಮ ಮುಂದ ನಕ್ಕೋಂತ ಕುಂತಿದ್ನಲ್ರಿ, ಅವತ್ತ ಭಾಳ ಇತ್ತು. ಮನಿಗೆ ಹೋಗಿ ಎರಡು ದಿನಾ ಮಾತ ಬರಲಿಲ್ಲ. ಖಾನಾಪುರದಾಗ ಜರಾ ಇತ್ತು, ಅಷ್ಟ."

ಡಾಕ್ಟರು ಪೆನ್ನು ತಿರುಗಿ ಎತ್ತಿಕೊಂಡು ಬರೆಯತೊಡಗಿದರು. ಜಿನಪ್ಪ ನಡುವೆ ಬಾಯಿ ಹಾಕಿ, ಆಕಿ ಮಾತು ಹಿಡೀಬ್ಯಾಡ್ರಿ ಸಾಹೇಬ್ರ ಎಂದ. ಕಾಂತಾ ಎದ್ದು ಚಪ್ಪಲಿ ಮೆಟ್ಟುತ್ತ, ಮುಂಬಯಿಯ ಎಳೆತವೂ ತಪ್ಪದ ಹಾಗೆ ಡಾಕ್ಟರರ ಧ್ವನಿಯಲ್ಲಿಯೇ ಅಣ್ಣನಿಗೆ 'ಗಾಬರಿ ಆಗೂದೇನಿಲ್ಲ' ಎಂದು ಹೇಳಿ ಹೊರಬಿದ್ದಳು.

ಈಗ ಶಹಾಪುರದ ಆ ಮನೆಯಲ್ಲಿ ಬಹಳ ಶಾಂತಿ. ರಾಜಮತಿಗೆ ಯಾರನ್ನಾದರೂ ಆಡಿಕೊಳ್ಳಬೇಕೆನ್ನಿಸಿದರೆ ಹಿತ್ತಲಿಗೆ ಹೋಗುತ್ತಾಳೆ, ಅಲ್ಲಿಯೂ ಪಿಸುಮಾತು. ಮಹಡಿಯ ಕೋಣೆ ಕಾಂತಾಳದೇ ಆಗಿ ಉಳಿದಿದೆ, ಗೋಡೆಯಾಚೆ ಮಗ್ಗ ತನ್ನ ಒಂದೇ ಮಾತನ್ನು ಆಡುತ್ತಿದೆ. ಕಳೆದ ತಿಂಗಳು ನಿಪ್ಪಾಣಿಯಿಂದ ಇನ್ನೊಂದು ಸಂಬಂಧ ಹಿಡಿದುಕೊಂಡು ದೂರದ ಸೋದರಮಾವನೊಬ್ಬ ಬಂದಿದ್ದ. ಪಡಸಾಲೆಯಲ್ಲಿ ಕುಳಿತು, ಹುಡುಗಿಗೆ ತೊಂದರೆ ಗಿಂದರೆ ಏನಾದರೂ ಇದೆಯೇನು ಎಂದು ರಾಜಮತಿಯನ್ನು ಕೇಳಿದ. ಜರಾ ಎನ್ನಲು ಆಕೆ ತುಟಿ ತೆರೆದಳು.

ಮೆಟ್ಟಿಲ ಮೇಲಿನಿಂದ ನಾಲಿಗೆ ಲೊಚಗುಟ್ಟಿದ ಸಪ್ಪಳ ಕೇಳಿಸಿತು.

ರಾಜಮತಿ ತುಟಿ ಮುಚ್ಚಿ, ಚಹಾ ತರುತ್ತೇನೆಂದು ಒಳಗೆ ಹೋದಳು.