ಪಾಲಮ್ಮನ ಮೊಣಕಾಲು

“ಇನ್ನೊಂದೀಟು ಒತ್ತು,” ಎಂದ ದಾಯಾದಿ ಸಣ್ಣಬಸಪ್ಪ. ಪಾಲಮ್ಮನ ತಮ್ಮ ಗೋಪಣ್ಣ ಅಕ್ಕನ ಮೊಣಕಾಲಿನ ಮೇಲೆ ಭಾರ ಹಾಕಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ ಇಡಿಯಾಗಿ ಮುಂದಕ್ಕೆ ಜಾರಿತೇ ಹೊರತು ಕಾಲು ಮಡಚಲಿಲ್ಲ.

ಇವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಗುಂಡಿಗಿಳಿಸಬೇಕು. ಪಾಲಮ್ಮನ ಮೈ ಇನ್ನೂ ಸೆಟೆದಿರಲಿಲ್ಲ. ಕೈ, ಕತ್ತು ಹೇಳಿದಂತೆ ಕೇಳುತ್ತಿದ್ದವು. ಕಾಲುಗಳು ಮಾತ್ರ ಎರಡು ಒನಕೆಗಳಂತೆ ಚಾಚಿಕೊಂಡಿದ್ದವು.

“ಆಪರೇಷನ್ ಮಾಡಿ ಕಬ್ಬಿಣ ಇಟ್ಟಾರಲ್ಲ, ಹೆಂಗ ಮಡಚ್ತದ?” ಎಂದ ಸಣ್ಣಬಸಪ್ಪ.

“ಮಡಚಾಕಂತಾನೇ ಇಟ್ಟಿದ್ರು,” ಎಂದಳು ಮಗಳು ನಾಗವೇಣಿ.

ಅವಳು ಅಪ್ಪನ ಕಡೆ ನೋಡಲಿಲ್ಲ. ಕಂಬ ಹಿಡಿದು ನಿಂತಿದ್ದ ಉಜ್ಜಿನಪ್ಪನಿಗೆ ಆ ಮಾತು ತನಗೇ ಎಂದು ಗೊತ್ತಾಯಿತು.

*

ಆಪರೇಷನ್ನಿಗೆ ಮುಂಚೆ ಬಳ್ಳಾರಿಯ ಡಾಕ್ಟರನ್ನು ಪಾಲಮ್ಮ ಕೇಳಿದ್ದು ಒಂದೇ ಮಾತು. “ಸೇಂಗಾ ಬಿಡಿಸೋ ಹೆಣ್ಮಕ್ಕಳ ಸಂಗಾಟ ಕೆಳಗ ಕುಂಡ್ರಾಕ ಬರ್ತದೇನ್ರಿ?”

“ನೆಲ ಬ್ಯಾಡಮ್ಮ. ದಿನಾ ಮಡಚಿ ರೂಢಿ ಮಾಡಿದ್ರ ಗಿಡ್ಡ ಸ್ಟೂಲ್ ಮ್ಯಾಲ ಕುಂಡ್ರಬಹುದು.”

ಅವಳಿಗೆ ಅಷ್ಟೇ ಸಾಕಾಗಿತ್ತು.

ಕಾಲು ಮಡಚಿಸಲು ರಾಯದುರ್ಗದಿಂದ ಶ್ರಾವಣಿ ಎಂಬ ಹುಡುಗಿ ಸ್ಕೂಟಿಯಲ್ಲಿ ಬರುತ್ತಿದ್ದಳು. ಅವಳು ಕೈ ಇಟ್ಟರೆ ಸಾಕು, ಪಾಲಮ್ಮನ ಚೀರಾಟ ಓಣಿಯ ತುದಿಗೆ ಕೇಳುತ್ತಿತ್ತು. ಒಂದು ದಿನ ಉಜ್ಜಿನಪ್ಪ ತಡೆಯಲಾರದೆ ಒಳಗೆ ನುಗ್ಗಿದ.

“ಸಾಕು ಬಿಡ್ರಿ, ಆಕಿಗೆ ನೋಯ್ತದ.”

“ಈಗ ನೋಯಬೇಕ್ರಿ ತಾತ. ಬಿಗಿದುಕೊಂಡ್ರ ಆಮ್ಯಾಲ ಯಾರು ಒತ್ತಿದ್ರೂ ಮಡಚಂಗಿಲ್ಲ.”

“ನಾಳಿಂದ ಬರಬ್ಯಾಡವ್ವ.”

ಆ ಹೊತ್ತು ಪಾಲಮ್ಮ ಗಂಡನ ಕೈಯನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಅವನೂ ದೊಡ್ಡ ಉಪಕಾರ ಮಾಡಿದವನಂತೆ ಹಿಗ್ಗಿದ್ದ.

ನೋವೇನೋ ಹೋಯಿತು. ಹೋದ ನೋವಿನ ಜಾಗಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಸೇಂಗಾ ರಾಶಿಯ ಸುತ್ತ ಹೆಂಗಸರು ನೆಲದ ಮೇಲೆ, ಪಾಲಮ್ಮ ಕುರ್ಚಿಯ ಮೇಲೆ. “ದೊರೆಸಾನಿ ಬಂದ್ಳು!” ಎಂದು ನಕ್ಕರು. ಅವಳೂ ನಕ್ಕಳು. ಆದರೆ ಕತ್ತೆತ್ತಿ ಎಷ್ಟು ಹೊತ್ತು ಮಾತಾಡಿಯಾರು? ಅವರ ಮಾತು ನೆಲದ ಮಟ್ಟದಲ್ಲೇ ಸುತ್ತಿತು. ಕೊನೆಗೆ ಅವಳು ಕುರ್ಚಿಯನ್ನು ಮನೆಗೆ ತರಿಸಿಕೊಂಡಳು. ಮತ್ತೆ ಹೋಗಲಿಲ್ಲ.

“ನೋಯ್ತದೇನ?” ಎಂದು ಉಜ್ಜಿನಪ್ಪ ಕೇಳುತ್ತಿದ್ದ.

“ಇಲ್ಲ ಬಿಡು.”

ಗಂಡ ಹೆಂಡಿರ ನಡುವೆ ಉಳಿದದ್ದು ಅಷ್ಟೇ ಮಾತು.

*

ಗುಂಡಿಯ ದಂಡೆಯಲ್ಲಿ ಅವಳನ್ನು ಇಳಿಸಿದರು. ಗುಂಡಿ ಚಕ್ಕಳಮಕ್ಕಳ ಹಾಕಿದವರಿಗಷ್ಟೇ ಹಿಡಿಯುವಂತಿತ್ತು.

“ನಾಕು ಮಂದಿ ಹಿಡಿದು ಒತ್ರಿ. ಮುರಿದ್ರ ಮುರೀಲಿ, ಈಗೇನು ನೋಯ್ತದಾ?” ಎಂದ ಸಣ್ಣಬಸಪ್ಪ.

“ಯಾರೂ ಮುಟ್ಟಬ್ಯಾಡ್ರಿ. ನಾನೇ ಮಡಚ್ತೀನಿ,” ಎಂದು ಉಜ್ಜಿನಪ್ಪ ಮುಂದೆ ಬಂದ. ಬದುಕಿದ್ದಾಗ ತಪ್ಪಿಸಿದ್ದನ್ನು ಈಗಲಾದರೂ ಕೊಡಬೇಕೆಂಬ ಆಸೆ ಅವನಿಗೆ.

ಎರಡೂ ಕೈ ಇಟ್ಟು ಒತ್ತಿದ. ಒಳಗೆಲ್ಲೋ ಲಟಕ್ಕೆಂದಿತು. ಕೈಗಳು ತಾವಾಗಿಯೇ ಹಿಂದೆ ಬಂದವು. ಅವಳ ಮುಖ ನೋಡಿದ. ಚೀರುತ್ತಾಳೆಂದು ಕಾದ. ಅವಳು ಚೀರಲಿಲ್ಲ.

“ಸಾಕು ಬಿಡ್ರಿ, ಆಕಿಗೆ ನೋಯ್ತದ,” ಎಂದ.

ಅಲ್ಲಿ ಅವನನ್ನು ಬಿಟ್ಟು ಬೇರೆ ಯಾರೂ ಅವಳ ಕಾಲು ಮುಟ್ಟಿರಲಿಲ್ಲ. ನಾಗವೇಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಗುಂಡಿ ತೋಡಿದ್ದ ಓಬಯ್ಯ ಗುದ್ದಲಿ ಹಿಡಿದು ಕೆಳಗಿಳಿದ. ಕಾಲು ಚಾಚುವಷ್ಟು ಜಾಗಕ್ಕಾಗಿ ಅಗೆಯತೊಡಗಿದ. ಮಣ್ಣು ದಂಡೆಗೆ ಹಾರಿ ಬೀಳುತ್ತಿತ್ತು. ಅದು ತಾಗದಂತೆ ಉಜ್ಜಿನಪ್ಪ ಅವಳ ಮೊಣಕಾಲುಗಳ ಮೇಲೆ ಅಂಗೈ ಮುಚ್ಚಿ, ಅವಳೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.