ಎಡ ಅಂಗೈ

ಮೂರನೆಯ ಸಲ ಹಾರಿದಾಗಲೂ ಏಣಿ ಗಾಳಿಯನ್ನೇ ತಡೆದು ಕೆಳಗಿಳಿದಳು. ಆಸ್ಪತ್ರೆ ತಂಡದ ಕುಳ್ಳಿ ಚೆಂಡನ್ನು ಹಣೆಯವರೆಗೆ ಎತ್ತಿ, ಇವಳು ಹಾರಿ ಇಳಿಯುವ ತನಕ ಬಸ್ಸಿಗೆ ಕಾಯುವವಳಂತೆ ನಿಂತು, ಆಮೇಲೆ ನಿಧಾನವಾಗಿ ಬುಟ್ಟಿಗೆ ಹಾಕಿದಳು. ನೀರು ಸರಬರಾಜು ಕಚೇರಿಯ ತಂಡ ಆ ಬಾಸ್ಕೆಟ್‌ಬಾಲ್ ಲೀಗ್ ಪಂದ್ಯವನ್ನು ಎರಡೇ ಅಂಕದಿಂದ ಸೋತಿತು.

ಹನ್ನೆರಡು ವರ್ಷ ಬುಟ್ಟಿಯ ಕೆಳಗೆ ಕಾವಲು ನಿಂತವಳು ಏಣಿ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು ಅವಳ ಕೆಲಸ. ಎತ್ತರ ನೋಡಿ ತಂಡದವರು ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದು ಬ್ಲಾಕ್ ಮಾಡಲು ಎತ್ತರವೊಂದೇ ಸಾಲದು. ಚೆಂಡು ಮೇಲೇರುತ್ತಿರುವಾಗಲೇ ತಟ್ಟಬೇಕು; ಇಳಿಯತೊಡಗಿದ ಮೇಲೆ ಮುಟ್ಟಿದರೆ ಅಂಕ ಎದುರಾಳಿಗೆ. ಬಲಗೈಯಲ್ಲಿ ಎಸೆಯುವವಳ ಚೆಂಡಿಗೆ ಎದುರು ನಿಂತವಳ ಎಡಗೈಯೇ ಹತ್ತಿರ. ಆ ಎಡಗೈ ಇಷ್ಟು ವರ್ಷ ಅವಳ ಮಾನ ಕಾಪಾಡಿತ್ತು. ಈಗ ಕ್ಯಾಪ್ಟನ್ ಅವಳನ್ನು ಬದಿಗೆ ಕರೆದು, ಭಾನುವಾರ ಫೈನಲ್‌ನಲ್ಲಿ ಮತ್ತೆ ಇದೇ ಆಸ್ಪತ್ರೆ ತಂಡ, ಅಲ್ಲೂ ಹೀಗೇ ಆದರೆ ಆ ಜಾಗಕ್ಕೆ ಬೇರೆಯವಳನ್ನು ನಿಲ್ಲಿಸುತ್ತೇನೆ ಎಂದುಬಿಟ್ಟಳು.

ಯಾರೋ ಹೇಳಿಕೊಟ್ಟಿದ್ದಾರೆ. ಇಲ್ಲದಿದ್ದರೆ ಇವಳು ಯಾವಾಗ ಹಾರುತ್ತಾಳೆಂದು ಆ ಕುಳ್ಳಿಗೆ ಹೇಗೆ ಗೊತ್ತು? ಆಸ್ಪತ್ರೆ ತಂಡದಲ್ಲಿ ಆಡುವ ಒಬ್ಬ ನರ್ಸು ಏಣಿಯ ಸ್ವಂತ ನಾದಿನಿ. ಒಂದೇ ಮನೆ, ಒಂದೇ ಒಲೆ, ಹಿತ್ತಲ ಗೋಡೆಗೆ ಹೊಡೆದ ಒಂದೇ ರಿಂಗು. ನಾಲ್ಕು ವರ್ಷದಿಂದ ಸಂಜೆಯ ಹೊತ್ತು ನಾದಿನಿ ಎಸೆಯುವುದು, ಇವಳು ತಡೆಯುವುದು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ತೀರ್ಮಾನಿಸಲು ಏಣಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾದಿನಿ ಫೋನ್ ಹಿಡಿದು ಹೊರಗೆ ಹೋದರೆ ಏಣಿಗೂ ಹೊರಗೇ ಕೆಲಸ. ಅವಳು ನಗುತ್ತಾ ಊಟ ಬಡಿಸಿದರೆ ಇದ್ಯಾಕೆ ಇಷ್ಟು ಪ್ರೀತಿ, ಬಡಿಸದಿದ್ದರೆ ಇದ್ಯಾಕೆ ಇಷ್ಟು ಬಿಗುಮಾನ. ಏಣಿಯ ಗಂಡ ತಂಗಿಯ ಮಾತಿಗೂ ಹ್ಞೂಂ, ಹೆಂಡತಿಯ ಮಾತಿಗೂ ಹ್ಞೂಂ ಎನ್ನುತ್ತಾ ಪೇಪರಿನ ಹಿಂದೆ ತಲೆ ಉಳಿಸಿಕೊಂಡ.

ಗುರುವಾರ ಬೆಳಿಗ್ಗೆ ಹಿತ್ತಲಲ್ಲಿ ಅತ್ತೆ ಬಟ್ಟೆ ಹಿಂಡಿ ಕೊಡುತ್ತಿದ್ದರು, ನಾದಿನಿ ಹಗ್ಗಕ್ಕೆ ಹಾಕುತ್ತಿದ್ದಳು. ಏಣಿ ಬಾಗಿಲಿಗೆ ಒರಗಿ ನಿಂತು, ಯಾರಿಗೂ ಅಲ್ಲದ ಹಾಗೆ ಹೇಳಿದಳು, "ಮನೆ ಒಳಗಿನ ಗುಟ್ಟು ಆಸ್ಪತ್ರೆವರೆಗೂ ನಡ್ಕೊಂಡು ಹೋಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

ನಾದಿನಿ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳನೂ ಮುಟ್ಟಿ ನೋಡಿಕೊಂಡದ್ದು ಹೆಗಲನ್ನೇ ಅಲ್ಲವೇ ಎಂದುಕೊಂಡಳು ಏಣಿ. ಉತ್ತರ ಬಂದದ್ದು ಅತ್ತೆಯಿಂದ.

"ಅದೇನು ಗುಟ್ಟೋ ನಂಗೊತ್ತಿಲ್ಲಮ್ಮ. ನಿನ್ನ ಆಟದ ಚಡ್ಡಿ ಮಾತ್ರ ಯಾವಾಗ್ಲೂ ಎಡಗಡೆನೇ ಸವೆಯುತ್ತೆ. ಬಲಗಡೆ ಹೊಸದರ ಹಾಗೇ ಇರುತ್ತೆ. ಆಡುವಾಗ್ಲೂ ಅಲ್ಲಿ ಕೈ ಒರೆಸ್ತೀಯಾ?"

ಏಣಿ ಹಗ್ಗದ ಕಡೆ ನೋಡಿದಳು. ಸಾಲಾಗಿ ಮೂರು ನೀಲಿ ಚಡ್ಡಿಗಳು. ಮೂರರಲ್ಲೂ ಎಡತೊಡೆಯ ಮೇಲೆ ಅಂಗೈಯಗಲ ಬಣ್ಣ ಹೋಗಿತ್ತು. ದಿನಕ್ಕೆ ಎಂಬತ್ತು ಮನೆಯ ಮೀಟರ್ ಮುಚ್ಚಳವನ್ನು ಎಡಗೈಯಲ್ಲಿ ತೆಗೆದು, ಕೆಸರು ಸರಿಸಿ, ಅಂಗೈಯನ್ನು ತೊಡೆಗೆ ಒರೆಸಿಕೊಂಡು ಪುಸ್ತಕ ಹಿಡಿಯುವ ಅಭ್ಯಾಸ. ಹಾರುವ ಮುಂಚೆಯೂ ಆ ಕೈ ತನ್ನಷ್ಟಕ್ಕೆ ತಾನೇ ಒಮ್ಮೆ ಒರೆಸಿಕೊಳ್ಳುತ್ತಿತ್ತು. ಕಣ್ಣಿದ್ದ ಯಾರಾದರೂ ಅದನ್ನು ಕಂಡು, ಇನ್ನು ಹಾರುತ್ತಾಳೆಂದು ತಿಳಿದಿರಬಹುದು. ಅವಳಿಗೆ ನಾಚಿಕೆಯಾಯಿತು. ಆದರೂ ಸಂಶಯ ಅಷ್ಟು ಸುಲಭಕ್ಕೆ ಮನೆ ಖಾಲಿ ಮಾಡುವ ಬಾಡಿಗೆದಾರನಲ್ಲ.

"ನಿಂಗೆ ಗೊತ್ತಿತ್ತಾ?" ಎಂದು ನಾದಿನಿಯನ್ನು ಕೇಳಿದಳು.

"ನಾಲ್ಕು ವರ್ಷದಿಂದ ಗೊತ್ತು ಅತ್ತಿಗೆ. ಬೇರೆಯವ್ರಿಗೆ ಹೇಳೋದಿದ್ರೆ ಆಗ್ಲೇ ಹೇಳ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹಿತ್ತಲಲ್ಲಿ ಅಪರೂಪಕ್ಕೊಮ್ಮೆ ನಾನೂ ಗೆಲ್ಬೇಕಲ್ಲ." ನಾದಿನಿ ಕೊನೆಯ ಕ್ಲಿಪ್ ಸಿಕ್ಕಿಸಿ ಒಳಗೆ ಹೋದಳು. ಆ ಮಾತನ್ನು ನಂಬಬೇಕೋ ಬೇಡವೋ ಎಂದು ಏಣಿ ಎರಡು ದಿನ ಅಳೆದೂ ಸುರಿದೂ ನೋಡಿದಳು; ಯಾವ ಕಡೆಗೂ ಮನಸ್ಸು ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಫೈನಲ್. ಎಡಗೈಯನ್ನು ಹತೋಟಿಯಲ್ಲಿಡುವುದರಲ್ಲೇ ಏಣಿಯ ಅರ್ಧ ಗಮನ ಹೋಗಿ, ಹಾರುವುದು ತಡವಾಗುತ್ತಿತ್ತು. ಕ್ಯಾಪ್ಟನ್ ಎರಡು ಸಲ ಬೆಂಚಿನತ್ತ ನೋಡಿದಳು. ಕೊನೆಗೆ ಹತ್ತು ಸೆಕೆಂಡ್ ಉಳಿದಿದ್ದಾಗ ನೀರಿನವರು ಒಂದೇ ಅಂಕ ಮುಂದಿದ್ದರು, ಚೆಂಡು ನಾದಿನಿಯ ಕೈಯಲ್ಲಿತ್ತು. ಅವಳು ನೇರ ಬುಟ್ಟಿಯ ಕೆಳಗೆ ನುಗ್ಗಿ ಬಂದಳು. ಏಣಿಯ ಎಡಗೈ ತೊಡೆಗೆ ಹೋಯಿತು. ನಾದಿನಿಯ ಕಣ್ಣು ಕೆಳಗಿಳಿದು ಆ ಕೈಯನ್ನು ನೋಡಿದ್ದನ್ನು ಏಣಿ ಕಂಡಳು.

ಹಿತ್ತಲಲ್ಲಾಗಿದ್ದರೆ ಚೆಂಡು ಹಣೆಯ ಹತ್ತಿರ ನಿಲ್ಲುತ್ತಿತ್ತು. ಇಲ್ಲಿ ನಿಲ್ಲಲಿಲ್ಲ. ಕೈಬಿಟ್ಟು ಮೇಲೇರಿದ ಚೆಂಡಿಗೆ ಎಡ ಅಂಗೈ ಚಟೀರನೆ ಬಡಿಯಿತು. ಚೆಂಡು ಗೋಡೆಯವರೆಗೂ ಉರುಳಿತು, ಆಟ ಮುಗಿದ ಸೀಟಿ ಮೊಳಗಿತು. ಕ್ಯಾಪ್ಟನ್ ಓಡಿಬಂದು ತಬ್ಬಿಕೊಂಡು, ಈ ಜಾಗ ಇನ್ನೂ ಹತ್ತು ವರ್ಷ ನಿನ್ನದೇ ಎಂದಳು. ಅವಳ ಭುಜದ ಮೇಲಿಂದ ಏಣಿ ನಾದಿನಿಯನ್ನೇ ನೋಡುತ್ತಿದ್ದಳು. ನಾದಿನಿ ಬಗ್ಗಿ, ಗಟ್ಟಿಯಾಗೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು.

ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಬೇಕೆಂತಲೇ ಬಿಟ್ಟುಕೊಟ್ಟೆಯಾ ಎಂದು ಕೇಳಲೋ ಬೇಡವೋ ಎಂದು ಏಣಿ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಹೌದು ಎಂದರೆ ಹನ್ನೆರಡು ವರ್ಷದ ಮಾನ ಹೋಗುತ್ತದೆ. ಇಲ್ಲ ಎಂದರೆ ತಾನು ನಂಬುವುದಿಲ್ಲ.

ಮನೆಗೆ ಬಂದವಳೇ ಚೀಲ ಇಟ್ಟು ಹಿತ್ತಲಿಗೆ ನಡೆದಳು. ರಿಂಗಿನ ಕೆಳಗೆ ನಿಂತು, ತೊಡೆಯ ಹತ್ತಿರ ಸುಳಿಯಲೂ ಆಗದ ಹಾಗೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

"ಹಾಕು," ಎಂದಳು.

ನಾದಿನಿ ಒಂದು ಕ್ಷಣ ಅವಳನ್ನು ನೋಡಿ, ಮೂಲೆಯಲ್ಲಿದ್ದ ಚೆಂಡು ತಂದಳು. ಹಣೆಯವರೆಗೆ ಎತ್ತಿದಳು. ಅಲ್ಲೇ ನಿಲ್ಲಿಸಿದಳು. ಏಣಿ ಹಾರಲಿಲ್ಲ, ಕಣ್ಣೂ ತೆಗೆಯಲಿಲ್ಲ. ಮೇಲೆತ್ತಿದ ಎಡ ಅಂಗೈ ಇನ್ನೂ ಕೆಂಪಗಿತ್ತು.